ಬೆಲ್ಲದ ಬಣ್ಣ ಮತ್ತು ಗುಣಮಟ್ಟದ ಐದು ಅರ್ಥಗಳು

'ಗುಣಮಟ್ಟ' ಎಂಬುದು ಎರಡು ಪದಗಳ ಜೋಡಣೆ. ಗುಣವನ್ನು ನಾಲಿಗೆ ಬಲ್ಲದು. ಮಟ್ಟವನ್ನು ಅಳೆದೇ ತಿಳಿಯಬೇಕು. ಹಾಗಾದರೆ ಪದಾರ್ಥವೊಂದು ಉತ್ತಮವೆಂದು ತೀರ್ಮಾನಿಸುವವರು ಯಾರು? ಬಳಸುವವರೇ, ತಯಾರಿಸುವವರೇ, ಅಳೆಯುವವರೇ? ಕಬ್ಬಿನ ನಾಡಾದ ಮಂಡ್ಯ ಜಿಲ್ಲೆಯ ಬೆಲ್ಲ ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ತನ್ನ ಹೆಸರಿನಲ್ಲೇ ಸಂತೆಯನ್ನು ಹೊತ್ತ ಊರು. ಹಳ್ಳಿಯ ಸಂತೆಗಳಲ್ಲಿ ಬೆಲ್ಲಕ್ಕೆ ಮುದ್ರೆ, ಚೀಟಿಗಳ ಹಂಗಿರಲಿಲ್ಲ. ಕೊಳ್ಳುವವರು ಅಚ್ಚನ್ನು ಕೈಗೆತ್ತಿಕೊಂಡು ಬಣ್ಣ ನೋಡುತ್ತಿದ್ದರು, ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮಾರುವವರು ಮುಂದಿನ ವಾರವೂ ಅದೇ ಜಾಗದಲ್ಲಿ ಕೂರಬೇಕಾಗಿದ್ದುದೇ ದೊಡ್ಡ ಭರವಸೆ.

ಆಲೆಮನೆಯಲ್ಲಿ ಅಳತೆಗೋಲು ಬೇರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಬೆರೆಸಿ, ಮೇಲೇಳುವ ಕೊಳೆಯನ್ನು ತೆಗೆಯುತ್ತಾರೆ. ಪಾಕ ಹದಕ್ಕೆ ಬಂತೇ ಎಂದು ತಿಳಿಯಲು ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಾರೆ. ಇಲ್ಲಿ ಗುಣಮಟ್ಟವೆಂದರೆ ತಪ್ಪದ ಹದ.

ಕೃಷ್ಣರಾಜಸಾಗರದ ನೀರಿನಿಂದ ಮಂಡ್ಯದ ಸುತ್ತ ಕಬ್ಬು ವಿಸ್ತರಿಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಾರ್ಖಾನೆಯೊಡನೆ ಪ್ರಯೋಗಾಲಯವೂ ಬಂತು. ಕಬ್ಬಿನ ರಸದ ಸಕ್ಕರೆಯಂಶವನ್ನು ಅಂಕಿಗಳಲ್ಲಿ ಹೇಳುವುದು ರೂಢಿಯಾಯಿತು. ಅಷ್ಟರಲ್ಲಿ ಹೊರಜಗತ್ತಿನಲ್ಲೂ ಅಳತೆಯ ಯುಗ ಆರಂಭವಾಗಿತ್ತು. ತಯಾರಿಕೆಯಲ್ಲಿನ ಏರುಪೇರನ್ನು ನಕ್ಷೆಯಲ್ಲಿ ಗುರುತಿಸುವ ವಿಧಾನವನ್ನು ಅಮೆರಿಕದ ವಾಲ್ಟರ್ ಶೆವಾರ್ಟ್ 1924ರಲ್ಲೇ ರೂಪಿಸಿದ್ದರು. ಭಾರತದಲ್ಲಿ ಕೃಷಿ ಉತ್ಪನ್ನಗಳ ದರ್ಜೆ ನಿಗದಿಗೆ 1937ರಲ್ಲಿ ಕಾಯ್ದೆ ಬಂತು; ಅಗ್‌ಮಾರ್ಕ್ ಅದರ ಫಲ. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು.

ಇಷ್ಟಾದರೂ ಗುಣಮಟ್ಟದ ಅರ್ಥ ಒಂದೇ ಆಗಲಿಲ್ಲ. ಹಾರ್ವರ್ಡ್‌ನ ಡೇವಿಡ್ ಗಾರ್ವಿನ್ 1984ರಲ್ಲಿ ಅದನ್ನು ಐದು ಬಗೆಯಾಗಿ ವಿಂಗಡಿಸಿದರು. ಕಂಡೊಡನೆ ತಿಳಿಯುವ, ಮಾತಿಗೆ ಸಿಗದ ಶ್ರೇಷ್ಠತೆ ಮೊದಲನೆಯದು. ಪದಾರ್ಥದೊಳಗಿನ ಅಳೆಯಬಹುದಾದ ಅಂಶಗಳು ಎರಡನೆಯದು. ಬೆಲ್ಲಕ್ಕೆ ಹೇಳುವುದಾದರೆ ಸಕ್ಕರೆಯ ಪ್ರಮಾಣ. ಬಳಕೆದಾರರ ಅಗತ್ಯಕ್ಕೆ ಒದಗುವುದು ಮೂರನೆಯದು. ನಿಗದಿಯಾದ ನಿಯಮಕ್ಕೆ ತಪ್ಪದೆ ತಯಾರಾಗುವುದು ನಾಲ್ಕನೆಯದು. ಕೊಟ್ಟ ಬೆಲೆಗೆ ತಕ್ಕ ಪದಾರ್ಥ ಎಂಬುದು ಐದನೆಯದು. ಒಂದೇ ಕಂಪನಿಯ ಮಾರಾಟ ವಿಭಾಗ ಮತ್ತು ತಯಾರಿಕಾ ವಿಭಾಗ ಬೇರೆ ಬೇರೆ ಅರ್ಥ ಹಿಡಿದು ಜಗಳವಾಡುವುದು ಸಹಜ. ಈ ಭಿನ್ನತೆಯನ್ನು ಅರಿತು ನಡೆಯುವುದೇ ಜಾಣತನವೆಂದು ಅವರು ವಾದಿಸಿದರು.

ಬೆಲ್ಲದಲ್ಲಿ ಈ ಜಗಳ ಬಣ್ಣದ ರೂಪ ತಾಳಿತು. ಮಾರುಕಟ್ಟೆಯಲ್ಲಿ ಹೊಂಬಣ್ಣದ ಬೆಲ್ಲಕ್ಕೆ ಒಲವು ಹೆಚ್ಚು. ಕಪ್ಪಾದ ಬೆಲ್ಲಕ್ಕೆ ದರ ಇಳಿಯುತ್ತದೆ. ಆದರೆ ಬಣ್ಣವನ್ನು ಕಬ್ಬಿನ ತಳಿ, ಮಣ್ಣು, ಗೊಬ್ಬರ, ಉರಿ ಎಲ್ಲವೂ ನಿರ್ಧರಿಸುತ್ತವೆ. ಇವೆಲ್ಲ ರೈತನ ಹಿಡಿತದಲ್ಲಿಲ್ಲ. ಹೀಗಾಗಿ ಹೈಡ್ರೋಸ್ ಎಂದು ಕರೆಯುವ ಗಂಧಕಯುಕ್ತ ರಾಸಾಯನಿಕ ಆಲೆಮನೆಗಳನ್ನು ಹೊಕ್ಕಿತು. ಅದು ಬಣ್ಣವನ್ನು ತಿಳಿಯಾಗಿಸುತ್ತದೆ. ರುಚಿಯನ್ನಾಗಲಿ ಪೋಷಕಾಂಶವನ್ನಾಗಲಿ ಹೆಚ್ಚಿಸುವುದಿಲ್ಲ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ದಶಲಕ್ಷಕ್ಕೆ 70 ಭಾಗಗಳನ್ನು ಮೀರಬಾರದೆಂದು ಆಹಾರ ನಿಯಮಗಳು ಮಿತಿ ಹಾಕಿದವು. ಈ ಮಿತಿ ಕಣ್ಣಿಗೆ ಕಾಣದು, ನಾಲಿಗೆಗೂ ಸುಲಭವಾಗಿ ಸಿಗದು. ಸಂತೆಯ ಹಳೆಯ ಪರೀಕ್ಷೆ ಸೋಲುವುದು ಇಲ್ಲಿಯೇ.

ಇಲ್ಲಿ ತಪ್ಪು ಯಾರದು? ಹೈಡ್ರೋಸ್ ಹಾಕಿದ ಕೈಯೊಂದನ್ನೇ ದೂರಿದರೆ ಸಾಲದು. ಬಣ್ಣಕ್ಕೆ ಬೆಲೆ ಕಟ್ಟಿದ ಮಾರುಕಟ್ಟೆಗೂ, ಬೆಳ್ಳಗಿದ್ದುದೇ ಶುದ್ಧವೆಂದು ನಂಬಿದ ಅಡುಗೆಮನೆಗೂ ಇದರಲ್ಲಿ ಪಾಲಿದೆ. ರಾಸಾಯನಿಕ ಬಳಸದೆ ಕಂದುಬಣ್ಣದ ಬೆಲ್ಲ ಮಾಡಿದ ರೈತನಿಗೆ ದರ ಕಡಿಮೆ ಸಿಕ್ಕರೆ, ಪ್ರಾಮಾಣಿಕತೆಗೇ ದಂಡ ವಿಧಿಸಿದಂತಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಸಾವಯವ ಬೆಲ್ಲವನ್ನು ಹುಡುಕಿ ಕೊಳ್ಳುವವರು ಹುಟ್ಟಿಕೊಂಡಿದ್ದಾರೆ. ಅವರಿಗೆ ಗಾಢ ಬಣ್ಣವೇ ನಂಬಿಕೆಯ ಗುರುತು. ಆದರೆ ಪಾಕ ಸೀದರೂ ಬೆಲ್ಲ ಕಪ್ಪಾಗುತ್ತದೆ. ಕಪ್ಪು ಬಣ್ಣವೂ ಶುದ್ಧತೆಗೆ ಸಾಕ್ಷಿಯಲ್ಲ. ಒಂದು ಬಣ್ಣದ ಮೋಹ ಬಿಟ್ಟು ಇನ್ನೊಂದಕ್ಕೆ ಜೋತುಬಿದ್ದರೆ ಫಲವಿಲ್ಲ. ಮಾಡಿದವರ ಹದ, ಪ್ರಯೋಗಾಲಯದ ಅಳತೆ, ತಿನ್ನುವವರ ಹಿತ ಈ ಮೂರಕ್ಕೂ ಬೆಲೆಯಲ್ಲಿ ಪಾಲು ಸಿಕ್ಕಾಗ ಮಾತ್ರ ಬೆಲ್ಲಕ್ಕೆ ಗುಣವೂ ಉಳಿದೀತು, ಮಟ್ಟವೂ ಉಳಿದೀತು.