ವಾರಾನ್ನದಿಂದ ವಿದ್ಯಾರ್ಥಿ ಬಳಗದವರೆಗೆ

ಈಚೆಗೆ ನಮ್ಮ ಸಂಘದ ಸದಸ್ಯರೊಬ್ಬರು ಮಗನ ವಿಷಯ ಮಾತನಾಡಲು ಬಂದಿದ್ದರು. ಅಮೆರಿಕದಲ್ಲಿ ಓದುತ್ತಿರುವ ಹುಡುಗ ಅಲ್ಲಿಯ 'ಫ್ರೆಟರ್ನಿಟಿ'ಯೊಂದನ್ನು ಸೇರಲು ಅಪ್ಪಣೆ ಕೇಳಿದ್ದಾನಂತೆ. ಅದು ಗಂಡುಹುಡುಗರ ಬಳಗ. ಹೆಣ್ಣುಮಕ್ಕಳದಕ್ಕೆ 'ಸೊರಾರಿಟಿ' ಎನ್ನುತ್ತಾರೆ. "ಏನು ಹೇಳಲಿ?" ಎಂದು ಕೇಳಿದರು. ಉತ್ತರಕ್ಕೆ ಮೊದಲು ನಮ್ಮ ಹಿಂದಿನವರ ಕಥೆಯನ್ನು ನೆನೆಯುವುದು ಒಳ್ಳೆಯದು.

ಪರಸ್ಥಳದಲ್ಲಿ ಓದುವ ಬಡ ಹುಡುಗನಿಗೆ ನಮ್ಮ ನಾಡಿನಲ್ಲಿ ಮೊದಲು ಒದಗಿದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರಕ್ಕೆ ಏಳು ಮನೆ ಹೊಂದಿಸಿಕೊಂಡರೆ ಓದು ಸಾಗುತ್ತಿತ್ತು. ಯಾವುದೋ ಒಂದು ಮನೆ ತಪ್ಪಿದರೆ ಅಂದು ತಣ್ಣೀರೇ ಗತಿ. ಈ ಅನ್ನವೂ ಎಲ್ಲ ಜಾತಿಯ ಹುಡುಗರಿಗೆ ಸಿಕ್ಕುತ್ತಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ವಿದ್ಯಾರ್ಥಿನಿಲಯಗಳು. ಕೊಲ್ಲಾಪುರದ ಶಾಹು ಮಹಾರಾಜರು 1901ರಲ್ಲಿ ಮರಾಠಾ ಬೋರ್ಡಿಂಗಿಗೆ ನೆರವಾದರು; ಜೈನ, ಲಿಂಗಾಯತ ವಿದ್ಯಾರ್ಥಿಗಳ ನಿಲಯಗಳೂ ಅಲ್ಲಿ ಎದ್ದವು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹೆಸರಿನ ನಿಲಯ ತೆರೆಯಿತು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ದಾನದಿಂದ ವಿದ್ಯಾರ್ಥಿಗಳಿಗೆ ನೆಲೆ ದೊರೆಯಿತು. ಜಾತಿಗೊಂದು ಬಾಗಿಲೆಂಬ ದೋಷ ಅವುಗಳಲ್ಲಿ ಅನೇಕಕ್ಕೆ ಇದ್ದೇ ಇತ್ತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಆ ಭೇದವನ್ನು ಬದಿಗಿಟ್ಟು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು.

ಅಮೆರಿಕದ ಬಳಗಗಳ ಕಥೆ ಬೇರೆ. 1776ರ ಡಿಸೆಂಬರ್ 5ರಂದು ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ 'ಫೈ ಬೀಟಾ ಕಾಪ್ಪಾ' ಹುಟ್ಟಿತು. ಗ್ರೀಕ್ ಅಕ್ಷರದ ಹೆಸರು, ಗುಟ್ಟಿನ ಪ್ರತಿಜ್ಞೆ, ಗುರುತಿನ ಕೈಕುಲುಕು. ಅದು ಮುಂದೆ ಗುಟ್ಟನ್ನು ಬಿಟ್ಟು ವಿದ್ವತ್ತಿನ ಗೌರವಸಂಸ್ಥೆಯಾಯಿತು. ಅದರ ಜಾಡಿನಲ್ಲಿ ಬಂದ ಬಳಗಗಳಿಂದ ಗೆಳೆತನ, ಸೇವೆ, ಮುಂದೆ ನೌಕರಿಯ ಪರಿಚಯ ಎಲ್ಲವೂ ಉಂಟು. ಆದರೆ ಕೆಲವೆಡೆ ಹೊಸಬರನ್ನು 'ಪರೀಕ್ಷಿಸುವ' ಹಿಂಸೆಯೂ ಉಂಟು. 2017ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 19 ವರ್ಷದ ಹುಡುಗನೊಬ್ಬ ಇಂಥ ಕೂಟದಲ್ಲಿ ವಿಪರೀತ ಕುಡಿಸಲ್ಪಟ್ಟು, ಬಿದ್ದು, ಸತ್ತನು. ಜೊತೆಯವರು ಗಂಟೆಗಟ್ಟಲೆ ವೈದ್ಯರನ್ನು ಕರೆಯಲಿಲ್ಲ.

ಇದನ್ನು ಪರದೇಶದ ರೋಗವೆನ್ನಲು ನಮಗೆ ಬಾಯಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ, ಜಿಟಿಜಿಟಿ ಮಳೆಯ ರಾತ್ರಿ ಹಾಸ್ಟೆಲಿನ ಹಿರಿಯರು ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಮರುವರ್ಷ ನಾವೂ ಹೊಸಬನೊಬ್ಬನನ್ನು ಹಾಗೆಯೇ ನಿಲ್ಲಿಸಿದೆವು. ಆತ ವಾರದೊಳಗೆ ಟ್ರಂಕು ಹೊತ್ತು ಊರಿಗೆ ಹೋದ, ಮತ್ತೆ ಬರಲಿಲ್ಲ. ಆ ಮುಖ ಇಂದಿಗೂ ನೆನಪಿದೆ. ಮನೆಯಲ್ಲಿ ನಾವು ಇದನ್ನು ಎಂದೂ ಹೇಳಿರಲಿಲ್ಲ.

ಕಾಯಿದೆಗಳು ಬಂದಿವೆ. ಮಹಾರಾಷ್ಟ್ರದಲ್ಲಿ 1999ರಲ್ಲಿ ರ‍್ಯಾಗಿಂಗ್ ನಿಷೇಧವಾಯಿತು. 2009ರಲ್ಲಿ ಯು.ಜಿ.ಸಿ. ನಿಯಮ ಮಾಡಿ ವಿದ್ಯಾರ್ಥಿಯೂ ಪಾಲಕರೂ ಮುಚ್ಚಳಿಕೆ ಬರೆದುಕೊಡಬೇಕೆಂದಿತು. ನಾವು ಅದನ್ನು ಓದದೆ ರುಜು ಹಾಕುತ್ತೇವೆ! ಅಮೆರಿಕದಲ್ಲಿಯೂ 2024ರ ಕಾಯಿದೆಯಂತೆ, ಇಂಥ ಹಿಂಸೆಯಲ್ಲಿ ತಪ್ಪಿತಸ್ಥವೆಂದು ಕಂಡ ಬಳಗಗಳ ವಿವರವನ್ನು ಕಾಲೇಜುಗಳು ಪ್ರಕಟಿಸಬೇಕು. ಮೊದಲು ಅದನ್ನು ತರಿಸಿ ಓದಬೇಕು.

ಆಮೇಲೆ ಮಗನನ್ನೋ ಮಗಳನ್ನೋ ಕೇಳಬೇಕಾದವು ಇಷ್ಟೇ: ಖರ್ಚೆಷ್ಟು? ಹಿರಿಯರ ಓದು ಹೇಗಿದೆ? ಸೇರುವಾಗ ಏನು ಮಾಡಿಸುತ್ತಾರೆ? ಅದನ್ನು ಮನೆಯಲ್ಲಿ ಹೇಳಬಹುದೇ? ನಡುವೆ ಬಿಟ್ಟುಬರಬಹುದೇ?

ಆ ಸದಸ್ಯರಿಗೂ ನಾವು ಹೇಳಿದ್ದು ಇದನ್ನೇ. ಬೇಡವೆಂದು ಗದರಿದರೆ ಹುಡುಗ ಹೇಳದೆ ಸೇರಿಯಾನು. ಅನ್ನವಿಕ್ಕಿದ ಮನೆ ಹುಡುಗನನ್ನು ಗುಟ್ಟಿನ ಆಣೆ ಕೇಳುತ್ತಿರಲಿಲ್ಲ. ತಾಯಿಗೆ ಹೇಳಬಾರದೆನ್ನುವ ಬಳಗ ಎಷ್ಟು ದೊಡ್ಡದಾದರೂ ನಮ್ಮ ಮಕ್ಕಳಿಗೆ ಬೇಡ.