ಈ ಕೆಲಸ ಯಾರದ್ದು?

ಯಶವಂತಪುರದಂಥ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ತಂದ ರೈತ ಒಬ್ಬ, ಬೆಲೆ ಕಟ್ಟುವವರು ಹಲವರು, ತೂಗುವವನು ಬೇರೆ, ಹಣ ಕೊಡುವವನು ಮತ್ತೊಬ್ಬ. ಎಲ್ಲವೂ ಬೇರೆ ಬೇರೆ ಹೊತ್ತಿಗೆ ನಡೆದರೂ ಹಣ ಮಾತ್ರ ಸರಿಯಾದ ಕೈ ಸೇರಬೇಕು. 2014ರಲ್ಲಿ ಕರ್ನಾಟಕವು ಮಾರುಕಟ್ಟೆಗಳಿಗೆ ಏಕೀಕೃತ ಆನ್‌ಲೈನ್ ವೇದಿಕೆ ತಂದಾಗ ಈ ಹೊಣೆ ಹೊತ್ತದ್ದು ಲಾಟ್ ಸಂಖ್ಯೆ. ಅದು ಗೇಟಿನಲ್ಲಿ ಹುಟ್ಟಿ, ಟೆಂಡರು, ತೂಕ, ಪಾವತಿಗಳನ್ನು ದಾಟಿ ಹೋಗುತ್ತದೆ.

ಹೆಬ್ಬಾಳದಾಚೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಸರ್ವರ್ ಪ್ರೋಗ್ರಾಂ ಬರೆಯುವವರ ಮುಂದಿರುವ ಪ್ರಶ್ನೆಯೂ ಇದೇ. ಬಂದ ಕೋರಿಕೆ ಯಾರದ್ದು, ಅವರಿಗೆ ಏನೇನು ನೋಡುವ ಹಕ್ಕಿದೆ ಎಂಬ ವಿವರಕ್ಕೆ ಅವರು 'ಕಾಂಟೆಕ್ಸ್ಟ್' ಎನ್ನುತ್ತಾರೆ. ನಾವು ಸಂದರ್ಭ ಎನ್ನೋಣ.

ಮೊದಲಿಗೆ ಇದು ಸುಲಭವಿತ್ತು. ಒಂದು ಕೋರಿಕೆಗೆ ಒಂದು ಥ್ರೆಡ್, ಅಂದರೆ ಒಬ್ಬ ಗಿರಾಕಿಗೆ ಒಬ್ಬ ಗುಮಾಸ್ತ. ಗಿರಾಕಿಯ ಹೆಸರು ಗುಮಾಸ್ತನ ಕಿಸೆಯಲ್ಲಿದ್ದರೆ ಸಾಕು. 1998ರ ಜಾವಾ 1.2 ಆ ಕಿಸೆಗೆ 'ಥ್ರೆಡ್‌ಲೋಕಲ್' ಎಂದು ಹೆಸರಿಟ್ಟಿತು. ಮರುವರ್ಷವೇ ಡ್ಯಾನ್ ಕೆಗೆಲ್, ಒಂದೇ ಸರ್ವರ್ ಹತ್ತು ಸಾವಿರ ಗಿರಾಕಿಗಳನ್ನು ನಿಭಾಯಿಸುವುದು ಹೇಗೆಂದು ಕೇಳಿದರು. ಅಷ್ಟು ಗುಮಾಸ್ತರನ್ನು ಸಾಕಲಾಗದು. 2009ರಲ್ಲಿ ರಯಾನ್ ಡಾಲ್ ರೂಪಿಸಿದ ನೋಡ್.ಜೆಎಸ್‌ನಲ್ಲಿ ಗುಮಾಸ್ತ ಒಬ್ಬನೇ. ಡೇಟಾಬೇಸಿಗೆ ಚೀಟಿ ಕಳಿಸಿ, ಉತ್ತರಕ್ಕೆ ಕಾಯದೆ ಮುಂದಿನವರತ್ತ ತಿರುಗುತ್ತಾನೆ. ಉತ್ತರ ಬರುವ ಹೊತ್ತಿಗೆ ಕಿಸೆಯಲ್ಲಿ ಬೇರೆಯವರ ಹೆಸರು!

ಪರಿಹಾರ ಎರಡು ದಾರಿ ಹಿಡಿಯಿತು. 2016ರಲ್ಲಿ ಗೋ ಭಾಷೆ ತನ್ನ ಮೂಲ ಭಂಡಾರಕ್ಕೇ 'ಕಾಂಟೆಕ್ಸ್ಟ್' ಸೇರಿಸಿತು. ಅಲ್ಲಿ ಪ್ರತಿ ಫಂಕ್ಷನ್ನೂ ಚೀಟಿಯನ್ನು ಕೈಯಲ್ಲೇ ಹಿಡಿದು ಮುಂದಿನದಕ್ಕೆ ದಾಟಿಸಬೇಕು. 2018ರ ಪೈಥಾನ್ 3.7, 2020ರ ನೋಡ್ ಮತ್ತೊಂದು ದಾರಿ ಹಿಡಿದವು: ಕೆಲಸ ನಿಂತು ಮತ್ತೆ ಶುರುವಾದಾಗ ಅದರದೇ ಚೀಟಿಯನ್ನು ವ್ಯವಸ್ಥೆಯೇ ಕಿಸೆಗೆ ಮರಳಿಸುತ್ತದೆ. ಮೊದಲನೆಯದರಲ್ಲಿ ಬರವಣಿಗೆ ಹೆಚ್ಚು, ಆದರೆ ಎಲ್ಲವೂ ಕಣ್ಣೆದುರಿಗೆ. ಎರಡನೆಯದು ಓದಲು ಹಗುರ, ಆದರೆ ಎಲ್ಲೋ ಕೊಂಡಿ ಕಳಚಿದರೆ ಸದ್ದೇ ಆಗುವುದಿಲ್ಲ.

ಗುರುತು ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. 2023ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಯ ಕೆಲವರಿಗೆ ಬೇರೆಯವರ ಸಂಭಾಷಣೆಗಳ ಶೀರ್ಷಿಕೆಗಳು ಕಂಡವು. ಅಲ್ಲಿ ಕೈಕೊಟ್ಟದ್ದು ಕಿಸೆಯಲ್ಲ, ಹಲವರು ಹಂಚಿಕೊಂಡಿದ್ದ ಸಂಪರ್ಕ. ನಡುವೆ ರದ್ದಾದ ಕೋರಿಕೆಯ ಉತ್ತರ ಅದರಲ್ಲೇ ಉಳಿದು, ಮುಂದೆ ಕೇಳಿದವರ ಪಾಲಾಗಿತ್ತು. ಆ ಹೊತ್ತಿನಲ್ಲಿ ಸಕ್ರಿಯರಾಗಿದ್ದ ಪ್ಲಸ್ ಚಂದಾದಾರರಲ್ಲಿ 1.2 ಶೇಕಡಾ ಮಂದಿಯ ಪಾವತಿ ವಿವರಗಳೂ ಪರರಿಗೆ ಕಂಡಿರಬಹುದೆಂದು ಕಂಪನಿ ಹೇಳಿತು.

ಕಾಯದೆ ದುಡಿಯುವುದನ್ನು ಯಂತ್ರ ಬೇಗ ಕಲಿಯಿತು. ಯಾರಿಗಾಗಿ ದುಡಿಯುತ್ತಿದ್ದೇನೆಂದು ನೆನಪಿಡುವುದನ್ನು ಕಲಿಯಲು ಅದಕ್ಕೆ ಮತ್ತೊಂದು ದಶಕ ಬೇಕಾಯಿತು.