ಪ್ರಿಂಟ್: ಒತ್ತಿದ ಗುರುತು, ಓದುವ ಸಾಲು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕುಳಿತವರು ಸಾಮಾನ್ಯವಾಗಿ ಮೊದಲು ಬರೆಯುವ ಪದ ‘ಪ್ರಿಂಟ್’. ಕಾಗದ ಹೊರಬರುವುದಿಲ್ಲ, ಶಾಯಿ ಖರ್ಚಾಗುವುದಿಲ್ಲ, ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಆದರೂ ಹೆಸರು ಅಚ್ಚುಕೂಟದ್ದೇ.

ಪದದ ಬೇರು ಲ್ಯಾಟಿನ್ನಿನ ‘ಪ್ರೆಮೆರೆ’, ಅಂದರೆ ಒತ್ತು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಒತ್ತಿದ ಮೇಲೆ ಉಳಿಯುವ ಗುರುತಿಗೆ ಆ ಹೆಸರಿತ್ತು: ಅರಗಿನ ಮೇಲಿನ ಮುದ್ರೆಯಂಥದ್ದು. ಪುಸ್ತಕದ ನಂಟು ಬೆಳೆದದ್ದು ಮುದ್ರಣಯಂತ್ರ ಬಂದ ಮೇಲೆ. ನಮ್ಮ ‘ಅಚ್ಚು’ ಕೂಡ ಎರಕ, ಬೆಲ್ಲಗಳ ಜೊತೆಗಿದ್ದು ಅಕ್ಷರದ ಕೆಲಸಕ್ಕೂ ಬಂತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ.

ಕಂಪ್ಯೂಟರಿಗೆ ಈ ಪದ ಬಂದಾಗ ಅದು ಅಕ್ಷರಶಃ ಸತ್ಯವಾಗಿತ್ತು. 1950ರ ದಶಕದ ಫೋರ್ಟ್ರಾನ್‌ನಲ್ಲಿ ‘ಪ್ರಿಂಟ್’ ಎಂದರೆ ಕಾಗದದ ಮೇಲೆ ಸಾಲು ಬೀಳುತ್ತಿತ್ತು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಭಾಷೆ ಹುಟ್ಟಿದಾಗಲೂ ವಿದ್ಯಾರ್ಥಿಗಳ ಮುಂದಿದ್ದದ್ದು ಟೆಲಿಟೈಪ್. ಉತ್ತರ ಕಟಕಟನೆ ಕಾಗದದ ಮೇಲೆ ಬರುತ್ತಿತ್ತು. ಆಮೇಲೆ ಪರದೆ ಬಂತು, ಕಾಗದ ಹೋಯಿತು, ಪದ ಉಳಿಯಿತು. ಗೈಡೊ ವಾನ್ ರೋಸಮ್ 1991ರಲ್ಲಿ ಪೈಥಾನನ್ನು ಹೊರಬಿಟ್ಟಾಗ ಪ್ರಿಂಟ್ ಆವರಣವಿಲ್ಲದ ಹೇಳಿಕೆಯಾಗಿತ್ತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಅದನ್ನು ಫಂಕ್ಷನ್ ಮಾಡಿ ಆವರಣ ಕಡ್ಡಾಯಗೊಳಿಸಿತು.

ಒತ್ತುವ ಕೆಲಸ ಹೀಗೆ ಮರೆಯಾದರೂ, ಗುರುತು ಇನ್ನೊಬ್ಬರಿಗೆ ಓದಲು ಬರಬೇಕೆಂಬ ಬೇಡಿಕೆ ಮರೆಯಾಗಿಲ್ಲ. ಅದು ಬಿಗಿಯಾಗಿ ಎದುರಾಗುವುದು ಆಬ್ಜೆಕ್ಟುಗಳಲ್ಲಿ. ಸಂಕ್ರಾಂತಿಯಲ್ಲಿ ಮರದ ಅಚ್ಚುಮಣೆಯನ್ನೂ ಅದರಿಂದ ಬಂದ ಸಕ್ಕರೆ ಗೊಂಬೆಯನ್ನೂ ನಾವು ‘ಅಚ್ಚು’ ಎಂದೇ ಕರೆಯುತ್ತೇವೆ. ಪೈಥಾನ್ ಇವನ್ನು ಬೇರೆಯಾಗಿಡುತ್ತದೆ: ಮಣೆ ಕ್ಲಾಸ್, ಗೊಂಬೆ ಆಬ್ಜೆಕ್ಟ್. ‘ಪುಸ್ತಕ’ ಎಂಬ ಕ್ಲಾಸ್ ಬರೆದು, ಅದರಿಂದ ‘ಚೋಮನ ದುಡಿ, ಶಿವರಾಮ ಕಾರಂತ, 1933’ ಎಂಬ ಆಬ್ಜೆಕ್ಟ್ ಮಾಡಿ ಪ್ರಿಂಟಿಗೆ ಕೊಟ್ಟರೆ ಬರುವುದು ಕ್ಲಾಸಿನ ಹೆಸರು ಮತ್ತು ಮೆಮೊರಿಯ ಉದ್ದನೆಯ ವಿಳಾಸ. ಯಂತ್ರ ಸುಳ್ಳು ಹೇಳಿಲ್ಲ, ಆದರೆ ಕಾರಂತರೂ ಕಾಣುವುದಿಲ್ಲ, ಚೋಮನೂ ಕಾಣುವುದಿಲ್ಲ.

ಇದಕ್ಕೆ ಪೈಥಾನ್ ಇಟ್ಟಿರುವ ಬಾಗಿಲು ಎರಡು: ಕ್ಲಾಸಿನೊಳಗೆ ನಾವು ಬರೆಯಬಹುದಾದ, ಹೆಸರಿನ ಎರಡೂ ಬದಿ ಜೋಡಿ ಅಂಡರ್‌ಸ್ಕೋರ್ (‘ಡಂಡರ್’) ಇರುವ ಮೆಥಡ್‌ಗಳು. ‘ಡಂಡರ್ ಎಸ್‌ಟಿಆರ್’ ಬಳಸುವವರಿಗೆ, ‘ಡಂಡರ್ ರೆಪ್ರ್’ ಪ್ರೋಗ್ರಾಮ್ ಬರೆಯುವವರಿಗೆ. ಪ್ರಿಂಟ್ ಮೊದಲನೆಯದನ್ನು ಕೇಳುತ್ತದೆ. ಅದನ್ನು ನಾವು ಬರೆಯದಿದ್ದರೆ ಎರಡನೆಯದರ ಮಾತನ್ನೇ ತೋರಿಸುತ್ತದೆ. ಆದರೆ ಹತ್ತು ಪುಸ್ತಕಗಳ ಲಿಸ್ಟನ್ನು ಪ್ರಿಂಟ್ ಮಾಡಿದರೆ ಪ್ರತಿಯೊಂದಕ್ಕೂ ರೆಪ್ರ್‌ನ ಮಾತೇ ನಡೆಯುತ್ತದೆ. ಎಸ್‌ಟಿಆರ್ ಬರೆದೂ ಲಿಸ್ಟಿನಲ್ಲಿ ವಿಳಾಸಗಳೇ ಕಂಡು ಕಂಗಾಲಾಗುವುದು ಇದರಿಂದ. ಒಂದನ್ನೇ ಬರೆಯುವಷ್ಟು ಬಿಡುವಿದ್ದರೆ ರೆಪ್ರ್ ಬರೆಯಿರಿ ಎಂದೇ ನಾನು ಹೇಳುವುದು. ತಪ್ಪು ಹುಡುಕುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದು ಅದೇ.

2018ರ ಪೈಥಾನ್ 3.7ರಿಂದ ‘ಡೇಟಾಕ್ಲಾಸ್’ ಎಂದು ಗುರುತಿಸಿದರೆ ರೆಪ್ರ್ ತಾನಾಗಿ ಸಿದ್ಧವಾಗುತ್ತದೆ. ಎಸ್‌ಟಿಆರ್ ಅನ್ನು ಮಾತ್ರ ಅದು ಬರೆದುಕೊಡುವುದಿಲ್ಲ. ಶೀರ್ಷಿಕೆ ಮೊದಲೋ ಲೇಖಕರು ಮೊದಲೋ, ವರ್ಷ ಬೇಕೋ ಬೇಡವೋ ಎಂಬುದನ್ನು ಆ ಸಾಲನ್ನು ಓದುವವರನ್ನು ಬಲ್ಲವರೇ ತೀರ್ಮಾನಿಸಬೇಕು.